ಗರಗಸದ ಮಷೀನು: ಹಸಿರು ಬಟನ್ ಹಿಡಿದಿದ್ರೆ ಓಡುತ್ತೆ, ಬಿಟ್ರೆ ನಿಲ್ಲುತ್ತೆ. ಯಾವ ಸ್ವಿಚ್ ಹಾಕಲಿ?

ಶೆಡ್ಡಿನ_ಬಡಗಿ (ಸಾಗರ)
ನಮ್ಮ ಶೆಡ್‌ನಲ್ಲಿರೋದು ಹಳೇ ಕಾಂಬಿನೇಷನ್ ಮಷೀನು. ಒಂದು ಮಗ್ಗುಲಲ್ಲಿ ರಂದಾ, ಇನ್ನೊಂದು ಮಗ್ಗುಲಲ್ಲಿ 10 ಇಂಚಿನ ಗರಗಸದ ಬ್ಲೇಡು. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು, ಬೆಲ್ಟಿನ ಮೇಲೆ ಓಡುತ್ತೆ. ಮುಂದುಗಡೆ ಹಸಿರು-ಕೆಂಪು ಬಟನ್ನಿನ ಹಳದಿ ಪ್ಲಾಸ್ಟಿಕ್ ಸ್ವಿಚ್ ಕೂರಿಸಿದಾರೆ. ಈಗ ತೊಂದರೆ ಏನಂದ್ರೆ, ಹಸಿರು ಒತ್ತಿ ಹಿಡ್ಕೊಂಡಷ್ಟು ಹೊತ್ತು ಮೋಟಾರು ಓಡುತ್ತೆ, ಬೆರಳು ತೆಗೆದ್ರೆ ನಿಲ್ಲುತ್ತೆ. ಒಂದು ಕೈಲಿ ಬಟನ್ ಒತ್ಕೊಂಡು ಇನ್ನೊಂದು ಕೈಲಿ ಹಲಗೆ ತಳ್ಳೋಕಾಗುತ್ತಾ?

ಊರಿನ ಎಲೆಕ್ಟ್ರಿಷಿಯನ್ ಬಂದು ನೋಡಿ, "ಕಿತ್ತು ಬಿಸಾಕಿ, 16 ಆಂಪಿಯರ್ ಸ್ವಿಚ್ ಹಾಕಿಕೊಡ್ತೀನಿ. ಗೀಸರಿಗೇ ತಡೆಯುತ್ತೆ, ಇದಕ್ಕೆ ತಡೆಯಲ್ವಾ" ಅಂದ್ರು. ಅಂಗಡಿಯವನು ಬೋರ್‌ವೆಲ್ ಪ್ಯಾನಲ್ ಹಾಕಿ ಅಂತಾನೆ. ನನಗೆ ಎರಡೂ ಅಷ್ಟು ಸರಿ ಕಾಣ್ತಿಲ್ಲ. ಬಾಗಿಲು, ಚೌಕಟ್ಟಿನ ಕೆಲಸ ಒಂದು ಒಪ್ಕೊಂಡಿದೀನಿ, ಸ್ವಲ್ಪ ಅವಸರ ಇದೆ. ಬಲ್ಲವರು ಹೇಳಿ.

ಚಕ್ಕೆಪುಡಿ
ಕಾರ್ಬನ್ ಬ್ರಷ್ ಸವೆದಿರುತ್ತೆ ನೋಡಿ ಸಾರ್. ನಮ್ಮ ಕಟರ್ ಮಷೀನೂ ಹಿಂಗೇ ಮಾಡ್ತಿತ್ತು.

ವೈಂಡಿಂಗ್_ಅಂಗಡಿ (ಹಾಸನ)
ಬೆಲ್ಟಿನ ಮೇಲೆ ಓಡೋ ಇಂಡಕ್ಷನ್ ಮೋಟಾರಿಗೆ ಕಾರ್ಬನ್ ಎಲ್ಲಿಂದ ಬರ್ಬೇಕು ಸ್ವಾಮಿ? ಕಾರ್ಬನ್ ಇರೋದು ಕೈಯಲ್ಲಿ ಹಿಡಿಯೋ ಕಟರ್ರು, ಗ್ರೈಂಡರ್ರು, ಡ್ರಿಲ್ಲಲ್ಲಿ. ಇವರ ಮೋಟಾರು ಹೊರಡ್ತಿದೆ, ಸ್ಪೀಡೂ ತಗೊಳ್ತಿದೆ. ಅಂದ್ರೆ ಮೋಟಾರು, ಕೆಪಾಸಿಟರ್ ಎರಡೂ ಚೆನ್ನಾಗಿವೆ. ಗುಂಯ್ ಅಂತ ನಿಂತಲ್ಲೇ ನಿಂತಿದ್ರೆ ಕೆಪಾಸಿಟರೋ, ಸ್ಪೀಡ್ ಬಂದ ಮೇಲೆ ಸ್ಟಾರ್ಟಿಂಗ್ ವೈಂಡಿಂಗನ್ನ ಬಿಡಿಸೋ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚೋ ಅಂತ ಅನುಮಾನ ಪಡಬಹುದಿತ್ತು. ಇಲ್ಲಿ ಅದಲ್ಲ.

ಹುಬ್ಳಿ_ಫರ್ನಿಚರ್
ಏ ಅಣ್ಣಾರ, ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಂತೀರಿ? ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದ ಬರೋಬ್ಬರಿ ಐತಿ. 16 ಆಂಪಿಯರಿಂದ ಹಾಕ್ರಿ, ಕೆಲಸ ಮುಗೀತು. ನಮ್ಮ ವರ್ಕ್‌ಶಾಪಿನ್ಯಾಗ ಎಲ್ಲಾ ಮಷೀನಿಗೂ ಅದ ಐತಿ. ಸುಟ್ರ ಇನ್ನೊಂದು ಹಾಕೋದು. ಯಾವ ಅಂಗಡ್ಯಾಗ ಬೇಕಾದ್ರೂ ಸಿಗತೈತಿ.

ಕುಡ್ಲ_ಮರಗೆಲಸ
ಹಾಗೆಲ್ಲ ಮಾಡ್ಬೇಡಿ ಮಾರಾಯ್ರೇ. ಅದು ಬರೀ ಆನ್-ಆಫ್ ಸ್ವಿಚ್ ಅಲ್ಲ. ಒಳಗೆ ಒಂದು ಕಾಯಿಲ್ ಉಂಟು. ಹಸಿರು ಒತ್ತಿದಾಗ ಪಾಯಿಂಟ್ (ಕರೆಂಟ್ ಸೇರಿಸುವ ಲೋಹದ ತುದಿ) ಕೂತ್ಕೊಳ್ತದೆ, ಕಾಯಿಲಿಗೆ ಕರೆಂಟ್ ಹೋಗ್ತದೆ, ಆ ಕಾಯಿಲೇ ಪಾಯಿಂಟನ್ನು ಹಿಡಿದಿಟ್ಟುಕೊಳ್ತದೆ. ಕರೆಂಟ್ ಹೋದ್ರೆ ಕಾಯಿಲ್ ಬಿಡ್ತದೆ. ಮತ್ತೆ ಕರೆಂಟ್ ಬಂದ್ರೂ ಮಷೀನ್ ತನ್ನಷ್ಟಕ್ಕೆ ಹೊರಡುವುದಿಲ್ಲ, ಹೋಗಿ ಹಸಿರು ಒತ್ತಲೇಬೇಕು.

ನಿಮ್ಮ ಸಾದಾ ಸ್ವಿಚ್ಚಿನ ಕಥೆ ಎಂತ? ಹಲಗೆ ಅರ್ಧ ಕೊಯ್ದಾಗ ಕರೆಂಟ್ ಹೋಯ್ತು ಅಂತ ಇಟ್ಕೊಳ್ಳಿ. ಸ್ವಿಚ್ ಆಫ್ ಮಾಡುವುದು ಯಾರಿಗೂ ನೆನಪಾಗುವುದಿಲ್ಲ. ಸಿಕ್ಕಿಕೊಂಡ ಹಲಗೆ ಎಳೀಲಿಕ್ಕೆ ಬ್ಲೇಡಿನ ಹತ್ತಿರ ಕೈ ಹಾಕ್ತೀರಿ. ಆಗಲೇ ಕರೆಂಟ್ ಬಂದ್ರೆ? ನಮ್ಮ ಬದಿಯ ಒಬ್ಬರ ಎರಡು ಬೆರಳು ಹೀಗೇ ಹೋಗಿದೆ. ಕಟ್ಟಿಂಗಿನಲ್ಲಿ ಹೋದದ್ದಲ್ಲ, ನಿಂತ ಮಷೀನಿನಲ್ಲಿ ಹೋದದ್ದು.

ತೋಟದಮನೆ (ತೀರ್ಥಹಳ್ಳಿ)
ಹೌದು ನೋಡಿ. ನಮ್ಮ ಪಂಪ್‌ಸೆಟ್ಟಿಗೆ ನಾವೇ ಆಟೋ ಸ್ಟಾರ್ಟರ್ ಹಾಕಿಸಿದೀವಿ, ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದ್ರೂ ನಾವು ಏಳದೇ ಮೋಟಾರು ಓಡ್ಲಿ ಅಂತ. ಗರಗಸಕ್ಕೆ ಬೇಕಾಗಿರೋದು ಅದರ ಪೂರ್ತಿ ಉಲ್ಟಾ. ಅಂಗಡಿಯವನು ಬೋರ್‌ವೆಲ್ ಪ್ಯಾನಲ್ ಕೊಡ್ತೀನಿ ಅಂದ್ರೆ ಅದರಲ್ಲಿ ಆಟೋ ಇದೆಯಾ ಅಂತ ಮೊದಲು ಕೇಳಿ.

ವೈಂಡಿಂಗ್_ಅಂಗಡಿ (ಹಾಸನ)
ಆಟೋ ಇರಲಿ ಬಿಡಲಿ, ಬೋರ್‌ವೆಲ್ ಪ್ಯಾನಲ್ ಬೇಡವೇ ಬೇಡ. ಅದರಲ್ಲಿ ಸಬ್‌ಮರ್ಸಿಬಲ್ ಮೋಟಾರಿಗೆ ಲೆಕ್ಕ ಹಾಕಿ ಇಟ್ಟ ಕೆಪಾಸಿಟರ್‌ಗಳಿರ್ತವೆ. ಇವರ ಮೋಟಾರಿನ ಮೈಮೇಲೇ ಅದರದ್ದೇ ಕೆಪಾಸಿಟರ್ ಇರುತ್ತೆ. ಎರಡನ್ನೂ ಸೇರಿಸಿ ಕಲಸುಮೇಲೋಗರ ಮಾಡಿದ್ರೆ ಆಮೇಲೆ ಮೋಟಾರು ನನ್ನಂಥವನ ಅಂಗಡಿಗೇ ಬರೋದು. ನನಗೇನೂ ಬೇಜಾರಿಲ್ಲ 😀

ಹುಬ್ಳಿ_ಫರ್ನಿಚರ್
ಕರೆಂಟ್ ಹೋದಾಗ ಸ್ವಿಚ್ ಬಂದ್ ಮಾಡೋದು ನಮ್ಮ ಹುಡುಗರಿಗೆ ರೂಢಿ ಐತ್ರಿ. ತಲಿ ಇದ್ದಾವ ಕೈ ಹಾಕೂದಿಲ್ಲ.

ರಂದಾ_ರಂಗ (ಮೈಸೂರು)
ಎಲ್ಲರಿಗೂ ತಲೆ ಇರುತ್ತೆ ಗುರು, ಕರೆಂಟ್ ಹೋದ ತಕ್ಷಣ ಮೊಬೈಲ್ ಕಡೆ ಇರುತ್ತೆ ಅಷ್ಟೇ.

ಫೇಸ್_ನ್ಯೂಟ್ರಲ್
ಎರಡು ವಿಷಯ ಒಟ್ಟಿಗೆ ಓಡ್ತಾ ಇವೆ. ಬೇರೆ ಬೇರೆ ಮಾಡೋಣ.

16 ಆಂಪಿಯರ್ ಮನೆ ಸ್ವಿಚ್ ಯಾಕೆ ಬೇಡ ಅನ್ನೋದಕ್ಕೆ ಕುಡ್ಲದವರು ಹೇಳಿದ್ದು ಮುಖ್ಯ ಕಾರಣ. ಇನ್ನೊಂದು ಕಾರಣ ಗೀಸರ್ ಹೋಲಿಕೆಯಲ್ಲೇ ಇದೆ. 2 ಕಿಲೋವಾಟ್ ಗೀಸರ್ ಆನ್ ಆದ ಕ್ಷಣದಿಂದ ಆಫ್ ಆಗೋವರೆಗೆ 9 ಆಂಪಿಯರ್ ಹತ್ತಿರ ಎಳೆಯುತ್ತೆ, ಅಷ್ಟೇ. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುವಾಗ 10ರಿಂದ 12 ಆಂಪಿಯರ್, ಹೊರಡುವಾಗ ಅದರ ಐದಾರು ಪಟ್ಟು. ಅಂದ್ರೆ 60ರ ಆಸುಪಾಸು. ಅದೂ ಬೆಲ್ಟು, ರಂದಾ ಶಾಫ್ಟು, ಬ್ಲೇಡು ಎಲ್ಲಾ ಎಳ್ಕೊಂಡು ಹೊರಡಬೇಕು, ಪೂರ್ತಿ ಸ್ಪೀಡಿಗೆ ಬರೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಆಫ್ ಮಾಡುವಾಗ, ಮೋಟಾರಿನ ವೈಂಡಿಂಗ್ ಅನ್ನೋದು ಕಾಯಿಲ್ ಲೋಡ್ ಆದ್ದರಿಂದ, ಕಿಡಿ ದೊಡ್ಡದು. ಹುಬ್ಬಳ್ಳಿಯವರೇ "ಸುಟ್ರ ಇನ್ನೊಂದು ಹಾಕೋದು" ಅಂದಿದಾರಲ್ಲ, ಸುಡೋದು ಇದಕ್ಕೇ. ಸುಡುವಾಗ ಒಂದೊಂದ್ಸಲ ಪಾಯಿಂಟು ಬೆಸೆದುಕೊಂಡೇ ಬಿಡುತ್ತೆ. ಆಗ ಸ್ವಿಚ್ ಆಫ್ ಮಾಡಿದ್ರೂ ಮಷೀನು ನಿಲ್ಲಲ್ಲ.

ಇನ್ನು ಅವರ ಈಗಿನ ಸ್ವಿಚ್ಚಿಗೆ ಏನಾಗಿದೆ ಅನ್ನೋದು. ಬೆರಳು ತೆಗೆದ್ರೆ ಬಿಡುತ್ತೆ ಅಂದ್ರೆ ಕಾಯಿಲ್ ಹಿಡೀತಿಲ್ಲ. ಯಾಕೆ ಹಿಡೀತಿಲ್ಲ? ಕಾಯಿಲ್ ಸುಟ್ಟು ಓಪನ್ ಆಗಿರಬಹುದು. ಕಾಯಿಲಿಗೆ ಬರೋ ನ್ಯೂಟ್ರಲ್ ಲೂಸ್ ಇರಬಹುದು. ಒಳಗಿನ ಕಬ್ಬಿಣದ ಮುಖದ ಮೇಲೆ ಹುಡಿ ಕೂತು ಅಂತರ ಬಿದ್ದಿರಬಹುದು. ಅಥವಾ ಸ್ವಿಚ್ಚು ಸರಿಯಾಗೇ ಇದ್ದು ನಿಮ್ಮ ವೋಲ್ಟೇಜು ಸಾಲ್ತಿಲ್ಲದೇ ಇರಬಹುದು. ಹೊಸದು ಕೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡಿ. ಹಸಿರು ಒತ್ತಿ, ಮೋಟಾರು ಪೂರ್ತಿ ಸ್ಪೀಡಿಗೆ ಬರೋ ತನಕ ಹಿಡಿದು ಆಮೇಲೆ ಬಿಡಿ. ಆಗ ಕಾಯಿಲ್ ಹಿಡಿದು ಮೋಟಾರು ಓಡ್ತಾ ಇದ್ರೆ ವೋಲ್ಟೇಜಿನ ಕಡೆ ನೋಡಿ. ಆಗಲೂ ಬಿಟ್ರೆ ಸ್ವಿಚ್ಚಿನ ಒಳಗಡೆ.

ಶೆಡ್ಡಿನ_ಬಡಗಿ (ಸಾಗರ)
ಮಾಡಿ ನೋಡಿದೆ. ಬೆಳಿಗ್ಗೆ ಆದ್ರೆ ಸ್ವಲ್ಪ ಹೊತ್ತು ಹಿಡಿದು ಬಿಟ್ರೆ ಓಡ್ತಾ ಇರುತ್ತೆ, ನಡುನಡುವೆ ತಾನಾಗೇ ನಿಂತೂ ಬಿಡುತ್ತೆ. ಸಂಜೆ ಮೇಲೆ ಏನು ಮಾಡಿದ್ರೂ ಹಿಡಿಯಲ್ಲ, ಒಳಗೆ ಕಟಕಟ ಅಂತ ಸದ್ದು ಬರುತ್ತೆ.

ಫೇಸ್_ನ್ಯೂಟ್ರಲ್
ಸಂಜೆ ಹಿಡಿಯಲ್ಲ ಅಂದಾಗಲೇ ಅರ್ಧ ಉತ್ತರ ಸಿಕ್ತು. ಶೆಡ್ಡಿಗೆ ಕರೆಂಟ್ ಎಲ್ಲಿಂದ ಬರುತ್ತೆ? ಎಷ್ಟು ದೂರ, ಯಾವ ವೈರು?

ಶೆಡ್ಡಿನ_ಬಡಗಿ (ಸಾಗರ)
ಮನೆ ಮೇನ್ ಬೋರ್ಡಿಂದ ಅಡಿಕೆ ಅಂಗಳದ ಆಚೆಗೆ. 30 ಮೀಟರ್ ಇರಬಹುದು. 1.5 ಸ್ಕ್ವೇರ್ ಎಂಎಂ ಮೂರು ಕೋರಿನ ವೈರು. ಮೊದಲು ಶೆಡ್‌ನಲ್ಲಿ ಬರೀ ಲೈಟು, ಫ್ಯಾನು ಇತ್ತು.

ಚಕ್ಕೆಪುಡಿ
ಸ್ಟೆಬಿಲೈಜರ್ ಹಾಕಿ ಸಾರ್, ಮುಗೀತು.

ಫೇಸ್_ನ್ಯೂಟ್ರಲ್
ಸ್ಟೆಬಿಲೈಜರ್ ಮನೆಯಲ್ಲಿಟ್ರೂ ಈ ವೈರಲ್ಲಿ ಆಗೋ ವೋಲ್ಟೇಜ್ ಡ್ರಾಪ್ ಹೋಗಲ್ಲ. ಶೆಡ್‌ನಲ್ಲಿಟ್ರೆ ಹೊರಡುವಾಗಿನ 60 ಆಂಪಿಯರ್ ತಡೆಯೋ ದೊಡ್ಡದೇ ಬೇಕು, ಅದರ ದುಡ್ಡಲ್ಲಿ ಒಳ್ಳೇ ವೈರೂ ಬಂದು ಸ್ಟಾರ್ಟರೂ ಬರುತ್ತೆ. ಲೆಕ್ಕ ನೋಡಿ.

1.5 ಸ್ಕ್ವೇರ್ ಎಂಎಂ ತಾಮ್ರದ ಫ್ಲೆಕ್ಸಿಬಲ್ ವೈರಿನ ರೆಸಿಸ್ಟೆನ್ಸ್ ಕಿಲೋಮೀಟರಿಗೆ 13.3 ಓಮ್. ಹೋಗೋದು 30, ಬರೋದು 30, ಒಟ್ಟು 60 ಮೀಟರ್. ಅಂದ್ರೆ 0.8 ಓಮ್. ಓಡುವಾಗ 11 ಆಂಪಿಯರಿಗೆ 9 ವೋಲ್ಟ್ ಹತ್ತಿರ ಹೋಗುತ್ತೆ, ಅದೇನೂ ದೊಡ್ಡದಲ್ಲ. ಹೊರಡುವಾಗ 60 ಆಂಪಿಯರಿಗೆ 48 ವೋಲ್ಟ್ ವೈರಲ್ಲೇ ಖಾಲಿ. ಮನೆ ಬೋರ್ಡಲ್ಲಿ ಸಂಜೆ 195 ಇತ್ತು ಅಂದ್ರೆ ಮೋಟಾರಿನ ಹತ್ತಿರ 147 ಉಳೀತು.

ಈಗ ಕಾಯಿಲ್ ಕಡೆ ಬನ್ನಿ. ಕಾಂಟ್ಯಾಕ್ಟರ್‌ಗಳ (ಹೀಗೆ ಕಾಯಿಲಿಂದ ಪಾಯಿಂಟ್ ಹಿಡಿಯೋ ಸ್ವಿಚ್‌ಗಳ) ಅಂತಾರಾಷ್ಟ್ರೀಯ ಐಇಸಿ ಮಾನದಂಡದಲ್ಲಿ 230 ವೋಲ್ಟ್ ಕಾಯಿಲ್ ಶೇ 85ರ ಮೇಲೆ, ಅಂದ್ರೆ 195ರ ಮೇಲೆ, ಸರಿಯಾಗಿ ಎಳೀಬೇಕು. ಶೇ 75ಕ್ಕಿಂತ, ಅಂದ್ರೆ 172ಕ್ಕಿಂತ, ಕೆಳಗೆ ಹೋದ್ರೆ ಯಾವಾಗ ಬೇಕಾದ್ರೂ ಬಿಡಬಹುದು. ನೀವು 147ರಲ್ಲಿದೀರಿ. ಕಟಕಟ ಅನ್ನೋದು ಅದೇ: ಕಾಯಿಲ್ ಹಿಡಿಯುತ್ತೆ, ಮೋಟಾರು ಎಳೆಯುತ್ತೆ, ವೋಲ್ಟೇಜ್ ಬೀಳುತ್ತೆ, ಕಾಯಿಲ್ ಬಿಡುತ್ತೆ, ವೋಲ್ಟೇಜ್ ಏಳುತ್ತೆ, ಮತ್ತೆ ಹಿಡಿಯುತ್ತೆ. ಪ್ರತಿ ಸಲವೂ ಪಾಯಿಂಟಲ್ಲಿ ಕಿಡಿ. ನಿಮ್ಮ ಸ್ವಿಚ್ಚಿನ ಪಾಯಿಂಟು ಈಗಾಗಲೇ ಹಾಳಾಗಿರುತ್ತೆ ಅಂತ ನನ್ನ ಊಹೆ. ಆದ್ರೆ ವೈರು ಹಾಗೇ ಇಟ್ಟು ಹೊಸ ಸ್ವಿಚ್ ಹಾಕಿದ್ರೆ ಅದರ ಗತಿಯೂ ಇದೇ.

ರಂದಾ_ರಂಗ (ಮೈಸೂರು)
ಸ್ವಿಚ್ ಕೇಳೋಕೆ ಬಂದವರಿಗೆ ಅಂಗಳ ಅಗೆಯೋ ಕೆಲಸ ಕೊಟ್ರಲ್ಲ ಸಾರ್.

ತೋಟದಮನೆ (ತೀರ್ಥಹಳ್ಳಿ)
ಲೈನ್ ವೋಲ್ಟೇಜೇ ಸಂಜೆ 195ಕ್ಕೆ ಇಳಿಯುತ್ತೆ ಅಂದ್ರೆ 1912ಕ್ಕೆ ಫೋನ್ ಮಾಡಿ ದೂರು ನಂಬರ್ ತಗೊಳ್ಳಿ. 1956ರ ಹಳೇ ನಿಯಮದಲ್ಲೇ ಶೇ 6ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಅಂತ ಇತ್ತು. 230ಕ್ಕೆ ಲೆಕ್ಕ ಹಾಕಿದ್ರೆ 216 ಸಿಗಬೇಕು. ನಮ್ಮ ಕಡೆ ಒಂದು ಟಿ.ಸಿ.ಗೆ (ಟ್ರಾನ್ಸ್‌ಫಾರ್ಮರಿಗೆ) ಎಷ್ಟು ಮನೆ, ಎಷ್ಟು ಪಂಪು ಜೋತು ಬಿದ್ದಿವೆ ಅಂತ ನೋಡಿದ್ರೆ ನಗು ಬರುತ್ತೆ. ದೂರು ಕೊಟ್ರೆ ಕೂಡಲೇ ಆಗುತ್ತೆ ಅಂತಲ್ಲ. ಕೊಡದಿದ್ರಂತೂ ಆಗೋದೇ ಇಲ್ಲ.

ಹುಬ್ಳಿ_ಫರ್ನಿಚರ್
ಈ ಲೆಕ್ಕ ಖರೇ ಐತಿ ಬಿಡ್ರಿ. ನಮ್ಮಲ್ಲಿ ಲೈನ್ ಛಲೋ ಐತಿ, ಮೀಟರ್ ಬೋರ್ಡ್ ಬಾಜೂಕ ಮಷೀನ್ ಐತಿ. ಹಂಗಾಗಿ ನಮಗ ಈ ತ್ರಾಸ ಗೊತ್ತಾಗಿಲ್ಲ. ಆದ್ರ ಒಂದ್ ಮಾತ್ ಕೇಳ್ತೀನಿ. ಕಾಯಿಲ್ ಸ್ವಿಚ್ ಹಾಕಿದ್ರ ವೋಲ್ಟೇಜ್ ಸ್ವಲ್ಪ ಇಳದ್ರ ಸಾಕು, ಮಷೀನ್ ನಿಂದರತೈತಿ. ಮ್ಯಾಲಿಂದ ಮ್ಯಾಲೆ ಎದ್ದು ಬಟನ್ ಒತ್ತೋದ ಕೆಲಸ ಆಕ್ಕೈತಿ. ಸಾದಾ ಸ್ವಿಚ್ಚಿಗೆ ಆ ರಗಳೆ ಇಲ್ಲಲ್ಲ?

ವೈಂಡಿಂಗ್_ಅಂಗಡಿ (ಹಾಸನ)
ಆ ರಗಳೆ ಇಲ್ಲ ಅಂತಲೇ ಮೋಟಾರು ಸುಡೋದು. ವೋಲ್ಟೇಜ್ ಇಳಿದಾಗ ಅದೇ ಹಲಗೆ ಕೊಯ್ಯೋಕೆ ಮೋಟಾರು ಜಾಸ್ತಿ ಆಂಪಿಯರ್ ಎಳೆಯುತ್ತೆ. ಸ್ಪೀಡ್ ತೀರಾ ಇಳಿದ್ರೆ ಸೆಂಟ್ರಿಫ್ಯೂಗಲ್ ಮತ್ತೆ ಸೇರಿಕೊಳ್ಳುತ್ತೆ, ಸ್ಟಾರ್ಟಿಂಗ್ ವೈಂಡಿಂಗೂ ಕೆಪಾಸಿಟರೂ ಬಿಸಿಯಾಗ್ತವೆ. ಅವು ಒಂದೆರಡು ಸೆಕೆಂಡಿನ ಕೆಲಸಕ್ಕೆ ಮಾಡಿರೋವು. ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರೋ ಸಿಂಗಲ್ ಫೇಸ್ ಮೋಟಾರುಗಳಲ್ಲಿ ಸುಮಾರು ಇವೇ.

ಕುಡ್ಲ_ಮರಗೆಲಸ
ಬಿಚ್ಚುವ ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವಲ್ಲಿ ಇಡಿ. ಬರೀ ಸ್ವಿಚ್ ಆಫ್ ಮಾಡಿ ಕೂರುವುದಲ್ಲ. ಪ್ಲಗ್ ಇಲ್ಲ, ನೇರ ಕನೆಕ್ಷನ್ ಅಂತಾದ್ರೆ ಎಂಸಿಬಿ ಇಳಿಸಿ ಮನೆಯವರಿಗೆಲ್ಲ ಹೇಳಿ ಬನ್ನಿ. ಶೆಡ್‌ನಲ್ಲಿ ಲೈಟಿಲ್ಲ ಅಂತ ಯಾರಾದ್ರೂ ಉಪಕಾರ ಮಾಡ್ಲಿಕ್ಕೆ ಹೋಗಿ ಎತ್ತಿಬಿಡ್ತಾರೆ.

ಕತಾರ್_ಕನ್ನಡಿಗ
ಇಲ್ಲಿ ನಾವು ಬ್ರೇಕರಿಗೆ ಬೀಗ ಹಾಕಿ, ಕೀಲಿ ಜೇಬಲ್ಲಿ ಇಟ್ಕೊಂಡೇ ಮಷೀನ್ ಮುಟ್ಟೋದು. ಕೆಲಸ ಮಾಡೋರು ಎಷ್ಟು ಜನವೋ ಅಷ್ಟು ಬೀಗ. ಎಲ್ಲರೂ ತಮ್ಮ ತಮ್ಮ ಬೀಗ ತೆಗೆದ ಮೇಲೇ ಬ್ರೇಕರ್ ಎತ್ತೋಕಾಗೋದು. ಊರಿಗೆ ಬಂದಾಗ ನಮ್ಮ ಮನೆಯವರೇ ಬರೀ ಟೆಸ್ಟರ್ ಹಿಡ್ಕೊಂಡು ಮೀಟರ್ ಬೋರ್ಡ್ ಬಿಚ್ಚೋದು ನೋಡಿ ಎದೆ ಝಲ್ ಅಂತು.

ಟೆಸ್ಟರ್ ಅಂದಾಗ ಇನ್ನೊಂದು. ಆ ನಿಯಾನ್ ಟೆಸ್ಟರ್ ನಂಬಿ ಕೈ ಹಾಕಬೇಡಿ. ನ್ಯೂಟ್ರಲ್ ಇದೆಯಾ ಇಲ್ಲವಾ ಅಂತ ಅದು ಹೇಳಲ್ಲ. ನೀವು ರಬ್ಬರ್ ಚಪ್ಪಲಿ ಹಾಕ್ಕೊಂಡು ಒಣ ಹಲಗೆ ಮೇಲೆ ನಿಂತಿದ್ರೆ ಫೇಸ್ ಇದ್ದರೂ ಮಂಕಾಗಿ ಉರಿದು ಮೋಸ ಮಾಡುತ್ತೆ. ಸಾದಾ ಮಲ್ಟಿಮೀಟರ್ ಒಂದು ತಗೊಳ್ಳಿ.

ವೈಂಡಿಂಗ್_ಅಂಗಡಿ (ಹಾಸನ)
ಕೆಪಾಸಿಟರ್ ಮರೀಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ. ಮೋಟಾರಿನ ಟರ್ಮಿನಲ್ ಬಾಕ್ಸಿಗೆ ಕೈ ಹಾಕೋದಾದ್ರೆ ಹಳೇ 100 ವಾಟಿನ ಬಲ್ಬು ಹೋಲ್ಡರ್ ಸಮೇತ ಅದರ ಎರಡೂ ತುದಿಗೆ ಮುಟ್ಟಿಸಿ ಖಾಲಿ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನ್ನಿಸೋದು ಬೇಡ.

ಶೆಡ್ಡಿನ_ಬಡಗಿ (ಸಾಗರ)
ಇವತ್ತು ಸ್ವಿಚ್ ಬಿಚ್ಚಿದೆ. ನಾಲ್ಕು ಸ್ಕ್ರೂ ತೆಗೆದು ಮುಖ ಎತ್ತಿದ್ರೆ ಒಳಗೆ ಗೋಧಿಹಿಟ್ಟಿನಷ್ಟು ನಯವಾದ ಹಲಸಿನ ಹುಡಿ ಮೂಲೆ ಮೂಲೆಗೂ ಗಟ್ಟಿಯಾಗಿ ಕೂತಿದೆ. ಹಸಿರು ಬಟನ್ನಿನ ಮೇಲಿನ ರಬ್ಬರ್ ಹರಿದಿತ್ತು, ಅಲ್ಲಿಂದಲೇ ಇಳಿದಿರೋದು. ಎರಡು ಜೊತೆ ಪಾಯಿಂಟಿವೆ. ಒಂದು ಜೊತೆ ಕಪ್ಪಗಾಗಿದೆ ಅಷ್ಟೇ, ಇನ್ನೊಂದರಲ್ಲಿ ಬೆಳ್ಳಿ ತಿಂದುಹೋಗಿ ನಡುವೆ ಗುಳಿ ಬಿದ್ದಿದೆ, ಅಂಚಲ್ಲಿ ಸಣ್ಣ ಸಣ್ಣ ಮಣಿ ಥರ ಕರಗಿ ನಿಂತಿದೆ. ನ್ಯೂಟ್ರಲ್ ಕಡೆಯ ಲಗ್ಗು ಬೆರಳಲ್ಲೇ ಅಲ್ಲಾಡ್ತು. ಅದರ ಹತ್ತಿರ ವೈರಿನ ತೊಗಲು ಕಂದಾಗಿ ಗಟ್ಟಿಯಾಗಿಬಿಟ್ಟಿದೆ, ಬಗ್ಗಿಸಿದ್ರೆ ಬಿರುಕು ಬಿಡುತ್ತೆ.

ಕಾಯಿಲ್ ಮೀಟರಲ್ಲಿ ರೀಡಿಂಗ್ ತೋರಿಸ್ತಿದೆ, ಓಪನ್ ಆಗಿಲ್ಲ. ವೋಲ್ಟೇಜು ಮನೆ ಬೋರ್ಡಲ್ಲಿ ಬೆಳಿಗ್ಗೆ 218, ಸಂಜೆ 196. ಫೇಸ್_ನ್ಯೂಟ್ರಲ್ ಅವರು ಮನೆಗೆ ಬಂದು ನೋಡಿದ ಹಾಗೇ ಹೇಳಿದಾರೆ.

ಚಕ್ಕೆಪುಡಿ
ಪಾಯಿಂಟು ಸ್ಯಾಂಡ್‌ಪೇಪರಲ್ಲಿ ಉಜ್ಜಿ, ಡಬ್ಲ್ಯೂಡಿ-40 ಹೊಡೆದು ಮತ್ತೆ ಹಾಕಿ ಸಾರ್. ಸುಮ್ಮನೆ ಯಾಕೆ ಖರ್ಚು?

ಫೇಸ್_ನ್ಯೂಟ್ರಲ್
ಬೇಡ. ಆ ಪಾಯಿಂಟಿನ ತುದಿಯಲ್ಲಿರೋದು ಬೆಳ್ಳಿ ಮಿಶ್ರಲೋಹದ ತೆಳು ಬಿಲ್ಲೆ. ಉಜ್ಜಿದ್ರೆ ಉಳಿದಿರೋ ಬೆಳ್ಳಿಯೂ ಹೋಗಿ ಕೆಳಗಿನ ತಾಮ್ರ ಬರುತ್ತೆ, ಅದು ಇನ್ನೂ ಬೇಗ ಸುಡುತ್ತೆ. ಬರೀ ಕಪ್ಪಾಗಿದ್ರೆ ಉಜ್ಜೋ ಅಗತ್ಯವೇ ಇಲ್ಲ, ಗುಳಿ ಬಿದ್ದಿದ್ರೆ ಉಜ್ಜಿ ಪ್ರಯೋಜನ ಇಲ್ಲ. ಎಣ್ಣೆ ಸ್ಪ್ರೇ ಹೊಡೆದ್ರೆ ಮರದ ಹುಡಿ ಅದಕ್ಕೇ ಮೆತ್ತಿಕೊಳ್ಳುತ್ತೆ. ಕಿಡಿ ಹಾರೋ ಜಾಗ, ಎಣ್ಣೆ, ಒಣ ಹುಡಿ, ಮೂರೂ ಒಂದೇ ಡಬ್ಬಿಯಲ್ಲಿ ಬೇಕಾ?

ಕುಡ್ಲ_ಮರಗೆಲಸ
ಅದೇ ನಮೂನೆಯ ಸ್ವಿಚ್ ಆನ್‌ಲೈನಲ್ಲಿ ಸಿಗ್ತದೆ, ಕೆಜೆಡಿ17 ಅಂತ ಹುಡುಕಿ. ಬೆಂಗಳೂರಾದ್ರೆ ಎಸ್.ಪಿ. ರಸ್ತೆಯಲ್ಲಿ ಕೇಳಿ ನೋಡಬಹುದು. ತಗೊಳ್ಳುವಾಗ ಹಳೇದರ ತೂತಿನ ಅಳತೆ, ಕಾಯಿಲ್ 230 ಅಂತ ಇರುವುದು, ಆಂಪಿಯರ್, ಮೂರೂ ಸರಿ ಹೊಂದ್ತದಾ ನೋಡಿ. 110 ವೋಲ್ಟಿನದ್ದೂ ಅದೇ ರೂಪದಲ್ಲಿ ಬರ್ತದೆ.

ವೈಂಡಿಂಗ್_ಅಂಗಡಿ (ಹಾಸನ)
2 ಎಚ್‌ಪಿಗೆ ಆ ಪುಟಾಣಿ ಸ್ವಿಚ್ ತಡೆಯುತ್ತೆ ಅನ್ನಬಹುದು, ಆದ್ರೆ ದಿನವಿಡೀ ಕೆಲಸ ಇರೋ ಮಷೀನಿಗೆ ನಾನು ಡಿಓಎಲ್ (ಮೋಟಾರಿಗೆ ನೇರ ಲೈನ್ ಕೊಡೋ) ಸ್ಟಾರ್ಟರೇ ಹಾಕೋದು. ಕಬ್ಬಿಣದ ಡಬ್ಬಿ, ಒಳಗೆ ಕಾಂಟ್ಯಾಕ್ಟರು, ಕೆಳಗೆ ಮೋಟಾರು ಜಾಸ್ತಿ ಕರೆಂಟ್ ಎಳೆದ್ರೆ ಬಿಡಿಸೋ ಓವರ್‌ಲೋಡ್ ರಿಲೇ. ಕರೆಂಟ್ ಹೋದ್ರೆ ಬಿಡುತ್ತೆ, ಬಂದ್ರೆ ತಾನಾಗಿ ಹೊರಡಲ್ಲ, ಇವರಿಗೆ ಬೇಕಾಗಿದ್ದೂ ಅದೇ. ಜೊತೆಗೆ ಬ್ಲೇಡು ಹಲಗೆಯಲ್ಲಿ ಕಚ್ಚಿಕೊಂಡಾಗ ರಿಲೇ ಬಿದ್ದು ಮೋಟಾರು ಉಳಿಯುತ್ತೆ. ಪುಟಾಣಿ ಸ್ವಿಚ್ಚಲ್ಲಿ ಆ ರಿಲೇ ಇಲ್ಲ.

ಫೇಸ್_ನ್ಯೂಟ್ರಲ್
ಒಪ್ಪಿದೆ. ಆದ್ರೆ ಅಂಗಡಿಗೆ ಹೋಗಿ "2 ಎಚ್‌ಪಿ ಸ್ಟಾರ್ಟರ್ ಕೊಡಿ" ಅನ್ನಬೇಡಿ. ಅವರು ತ್ರೀ ಫೇಸಿನದ್ದು ಕೊಡ್ತಾರೆ. ಅದರಲ್ಲಿ ಎರಡು ತೊಂದರೆ.

ಮೊದಲನೇದು ಕಾಯಿಲ್. ಅದರದ್ದು 415 ವೋಲ್ಟಿಂದು. ನಿಮ್ಮ 230ಕ್ಕೆ ಹಾಕಿದ್ರೆ ಝುಂಯ್ ಅನ್ನುತ್ತೆ, ಎಳೆಯಲ್ಲ. ಕಾಯಿಲ್ ಮೇಲೆ ಎ1, ಎ2 ಅಂತ ಟರ್ಮಿನಲ್ ಇರ್ತವೆ, ಪಕ್ಕದಲ್ಲೇ ವೋಲ್ಟೇಜ್ ಬರೆದಿರ್ತಾರೆ. 230 ಅಥವಾ 240 ಅಂತ ಕಣ್ಣಾರೆ ನೋಡಿ ತಗೊಳ್ಳಿ.

ಎರಡನೇದು ರಿಲೇ. ತ್ರೀ ಫೇಸ್ 2 ಎಚ್‌ಪಿ ಮೋಟಾರು ಎಳೆಯೋದು 3 ಆಂಪಿಯರ್ ಚಿಲ್ಲರೆ, ರಿಲೇನೂ ಅದಕ್ಕೆ ತಕ್ಕ ಹಾಗೆ ಇರುತ್ತೆ. ನಿಮ್ಮದು ಸಿಂಗಲ್ ಫೇಸಲ್ಲಿ 11 ಎಳೆಯುತ್ತೆ. ಸ್ಪೀಡಿಗೆ ಬರೋ ಮುಂಚೆಯೇ ಟ್ರಿಪ್. 11 ಆಂಪಿಯರ್ ಒಳಗೆ ಬರೋ ರೇಂಜಿನ ರಿಲೇ ಕೇಳಿ, 9–14 ಥರದ್ದು. ಮೋಟಾರಿನ ನೇಮ್‌ಪ್ಲೇಟಲ್ಲಿ ಎಷ್ಟು ಬರೆದಿದೆಯೋ ಅಲ್ಲಿಗೇ ಡಯಲ್ ತಿರುಗಿಸಿ ಇಡಿ. ಟ್ರಿಪ್ ಆಗುತ್ತೆ ಅಂತ ಮೇಲಕ್ಕೆ ತಿರುಗಿಸಿಟ್ರೆ ರಿಲೇ ಇದ್ದೂ ಇಲ್ಲದ ಹಾಗೆ.

ಇನ್ನೊಂದು, ಇದನ್ನ ಅರ್ಧ ಜನ ಬಿಟ್ಟುಬಿಡ್ತಾರೆ. ರಿಲೇಯಲ್ಲಿ ಮೂರು ದಾರಿ ಇವೆ, ನಿಮ್ಮಲ್ಲಿರೋದು ಎರಡೇ ವೈರು. ಎರಡರಲ್ಲಿ ಮಾತ್ರ ಕರೆಂಟ್ ಹೋಗಿ ಮೂರನೇದು ಖಾಲಿ ಇದ್ರೆ, ಒಂದು ಫೇಸ್ ಹೋಗಿದೆ ಅಂತ ತಿಳ್ಕೊಂಡು ರಿಲೇ ಬೇಗ ಬೀಳುತ್ತೆ. ಅದಕ್ಕೆ ಫೇಸನ್ನ ಒಂದನೇ ದಾರಿಯಲ್ಲಿ ಇಳಿಸಿ, ಕೆಳಗಿಂದ ಲೂಪ್ ತಂದು ಎರಡನೇದರ ಮೇಲೆ ಹಾಕಿ, ಅಲ್ಲಿಂದ ಮೋಟಾರಿಗೆ. ನ್ಯೂಟ್ರಲ್ ಮೂರನೇದರಲ್ಲಿ. ಮೂರೂ ದಾರಿಯಲ್ಲಿ ಒಂದೇ ಕರೆಂಟು ಹರಿಯುತ್ತೆ, ರಿಲೇ ಸುಮ್ಮನಿರುತ್ತೆ.

ಹುಬ್ಳಿ_ಫರ್ನಿಚರ್
ಈ ಲೂಪಿನ ಮಾತ್ ಛಲೋ ಹೇಳಿದ್ರಿ ಸಾಹೇಬ್ರ. ನಮ್ಮ ಬ್ಯಾಂಡ್‌ಸಾ ಸ್ಟಾರ್ಟರ್ ಸುಮ್ಮ ಸುಮ್ಮನ ಬೀಳತಿತ್ತು ಅಂತ ರಿಲೇನ ತಗದ ಒಗದಿದ್ದ ನಮ್ಮ ಮಿಸ್ತ್ರಿ. ಈಗ ಗೊತ್ತಾತು ನೋಡ್ರಿ.

ರಂದಾ_ರಂಗ (ಮೈಸೂರು)
ಹುಬ್ಬಳ್ಳಿಯವರು 16 ಆಂಪಿಯರ್ ಪಾರ್ಟಿ ಬಿಟ್ಟು ಸ್ಟಾರ್ಟರ್ ಪಾರ್ಟಿ ಸೇರಿದ್ರು, ಎಲ್ಲರೂ ಗಮನಿಸಿ.

ಹುಬ್ಳಿ_ಫರ್ನಿಚರ್
ಬ್ಯಾಂಡ್‌ಸಾಕ್ಕ ಅಷ್ಟ. ಉಳಿದದ್ದ ನೋಡೂಣು.

ತೋಟದಮನೆ (ತೀರ್ಥಹಳ್ಳಿ)
ಸ್ಟಾರ್ಟರ್ ಕಂಪನಿ ಯಾವುದು ತಗೊಳ್ಳೋದು? ಎಲ್ ಅಂಡ್ ಟಿ ಎಂಕೆ1 ಪಂಪಿಗೆ ಹಾಕಿದ್ದು ನಮ್ಮಪ್ಪನ ಕಾಲದ್ದು, ಇನ್ನೂ ಇದೆ. ಈಗ ಅಂಗಡಿಯಲ್ಲಿ ಅದು ಬರಲ್ಲ, ಹೆಸರು ಬದಲಾಗಿದೆ ಅಂದ.

ಫೇಸ್_ನ್ಯೂಟ್ರಲ್
ಎಲ್ ಅಂಡ್ ಟಿಯ ಸ್ವಿಚ್‌ಗೇರ್ ವಿಭಾಗವನ್ನ ಷ್ನೈಡರ್ 2020ರಲ್ಲಿ ಕೊಂಡುಕೊಂಡಿತು, 2024ರಿಂದ ಲಾರಿಟ್ಜ್ ಕ್ನೂಡ್ಸನ್ ಅಂತ ಹೆಸರು. ಒಳ್ಳೇ ಕಂಪನಿಗಳು ಬೇರೆಯೂ ಇವೆ. ಬಿಡಿಭಾಗ ಪಕ್ಕದ ಪೇಟೆಯಲ್ಲಿ ಸಿಗೋದನ್ನ ತಗೊಳ್ಳಿ. ಆರು ತಿಂಗಳಿಗೆ ಕಾಯಿಲ್ ಬೇಕಾದ್ರೆ ಬೆಂಗಳೂರಿಗೆ ಓಡೋ ಹಾಗಿರಬಾರದು.

ಕತಾರ್_ಕನ್ನಡಿಗ
ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಊರಿನ ವೈರಿಂಗಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ಕಪ್ಪು ನ್ಯೂಟ್ರಲ್. ಆದ್ರೆ ಹೊರಗಿಂದ ಬಂದ ಮಷೀನಿನ ಕೇಬಲಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ಥು. ನೀಲಿ ಅಂದ ಕೂಡಲೇ ಫೇಸ್ ಅಂತ ಜೋಡಿಸೋರೂ ಇದಾರೆ, ಹಳದಿ ಕಂಡು ಫೇಸಿಗೆ ಅರ್ಥ್ ವೈರ್ ಕೊಟ್ಟು ಮಷೀನ್ ಮೈಗೆಲ್ಲ ಕರೆಂಟ್ ಹಾಯಿಸೋರೂ ಇದಾರೆ. ಹಳೇ ಮಷೀನ್ ಅಂದ್ರಲ್ಲ, ಹಿಂದಿನವರು ಏನು ಮಾಡಿಟ್ಟಿದಾರೋ ಮೀಟರ್ ಇಟ್ಟು ನೋಡ್ಕೊಂಡೇ ಜೋಡಿಸಿ.

ಕುಡ್ಲ_ಮರಗೆಲಸ
ಅರ್ಥ್ ಹೇಳಿದ್ದು ಒಳ್ಳೇದಾಯ್ತು. ಶೆಡ್ಡಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಡಿಯುವ ಸ್ವಿಚ್) ಒಂದು ಹಾಕಿಬಿಡಿ. ನಮ್ಮ ಕರಾವಳಿ ಆಗಲಿ ನಿಮ್ಮ ಮಲೆನಾಡು ಆಗಲಿ, ಜೂನ್ ಬಂದ್ರೆ ಗೋಡೆಯೂ ಒದ್ದೆ ನೆಲವೂ ಒದ್ದೆ.

ಹೊಸ_ಉಳಿ (ಬೆಂಗಳೂರು)
ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನ್ನದು ಹವ್ಯಾಸ ಅಷ್ಟೇ, ಬಾಲ್ಕನಿಯಲ್ಲಿ ಕೆಲಸ. 4 ಇಂಚಿನ ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕಿ, ಪ್ಲೈವುಡ್ ಟೇಬಲ್ ಕೆಳಗೆ ತಲೆಕೆಳಗಾಗಿ ಬಿಗಿದಿದೀನಿ. ಟ್ರಿಗರ್ ಲಾಕ್ ಒತ್ತಿಟ್ಟು ಗೋಡೆ ಸ್ವಿಚ್ಚಲ್ಲೇ ಆನ್-ಆಫ್. ಈ ಚರ್ಚೆ ಓದಿದ ಮೇಲೆ ಅದನ್ನ ಮುಟ್ಟೋಕೇ ಹೆದರಿಕೆ ಆಗ್ತಿದೆ. ಅದಕ್ಕೂ ಈ ಕಾಯಿಲ್ ಸ್ವಿಚ್ ಆಗುತ್ತಾ?

ಕುಡ್ಲ_ಮರಗೆಲಸ
ಸ್ವಿಚ್ ಆಗ್ತದೆ ಮೇಡಂ, ನಡುವೆ ಒಂದು ಬಾಕ್ಸಿನಲ್ಲಿ ಕೂರಿಸಿದ್ರೆ ಆಯ್ತು. ಆದ್ರೆ ಸ್ವಿಚ್ಚಿಗಿಂತ ಮೊದಲು ಬ್ಲೇಡ್ ನೋಡಿ. ಆ ಕಟರು ನಿಮಿಷಕ್ಕೆ 12 ಸಾವಿರದ ಆಸುಪಾಸು ತಿರುಗ್ತದೆ. ಬ್ಲೇಡಿನ ಮೇಲೆ ಗರಿಷ್ಠ ಎಷ್ಟು ಅಂತ ಬರೆದದ್ದು ಅದಕ್ಕಿಂತ ಕಮ್ಮಿ ಇದ್ರೆ ಹಾಕಲೇಬೇಡಿ. ಗಾರ್ಡ್ ತೆಗೆದಿದ್ದೀರಿ ಅಲ್ವಾ? ಬ್ಲೇಡಿನ ಹಿಂದೆ ರೈವಿಂಗ್ ನೈಫ್ (ಕೊಯ್ದ ಸೀಳು ಮುಚ್ಚದ ಹಾಗೆ ನಿಲ್ಲುವ ತಗಡು) ಇಲ್ಲದೆ ಹಲಗೆ ಕಚ್ಚಿಕೊಂಡ್ರೆ ಹಿಂದಕ್ಕೆ ನಿಮ್ಮ ಹೊಟ್ಟೆಗೇ ಒದೀತದೆ.

ರಂದಾ_ರಂಗ (ಮೈಸೂರು)
ಅಮೆರಿಕದಲ್ಲಿ ಸಾಸ್ಟಾಪ್ ಅಂತ ಬರುತ್ತೆ, ಬೆರಳು ತಾಗಿದ ಕೂಡಲೇ ಬ್ಲೇಡೇ ನಿಲ್ಲುತ್ತೆ. ಸಾಸೇಜ್ ಇಟ್ಟು ತೋರಿಸೋ ವಿಡಿಯೋ ನೋಡಿರ್ತೀರಿ. ಅದು ಬಂದ್ರೆ ಈ ಚರ್ಚೆಯೇ ಬೇಡ.

ಫೇಸ್_ನ್ಯೂಟ್ರಲ್
ಅದು ಬ್ಲೇಡಲ್ಲಿ ಸಣ್ಣ ಸಿಗ್ನಲ್ ಹರಿಸಿ, ಮೈ ತಾಗಿದ್ರೆ ಅದು ಇಳಿಯೋದನ್ನ ಗುರುತಿಸಿ, ಅಲ್ಯೂಮಿನಿಯಂ ಇಟ್ಟಿಗೆಯನ್ನ ಬ್ಲೇಡಿಗೆ ನುಗ್ಗಿಸುತ್ತೆ. ಕೆಲವೇ ಮಿಲಿಸೆಕೆಂಡು. ಪ್ರತಿ ಸಲವೂ ಆ ಬ್ರೇಕು ಹೊಸದು ಹಾಕಬೇಕು, ಬ್ಲೇಡೂ ಸಾಮಾನ್ಯವಾಗಿ ಹೋದ ಹಾಗೇ. ಹಸಿ ಮರ ಆದ್ರೆ ಸುಮ್ಮನೇ ಬಡಿದುಬಿಡೋ ಸಾಧ್ಯತೆ ಇದೆ. ನಮ್ಮ ಮಿಲ್ಲಿಂದ ಬರೋ ಅರೆಒಣ ಹಲಸಿಗೆ ಯೋಚನೆ ಮಾಡಿ.

ವೈಂಡಿಂಗ್_ಅಂಗಡಿ (ಹಾಸನ)
ಊರು ಬಿಟ್ಟು ಅಮೆರಿಕಕ್ಕೆ ಹೋದ್ರಿ. ಸಾಗರದವರೇ, ಆಯ್ತಾ ಕೆಲಸ?

ಶೆಡ್ಡಿನ_ಬಡಗಿ (ಸಾಗರ)
ಆಯ್ತು. ಮನೆ ಬೋರ್ಡಿಂದ 4 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಳೆಸಿದೆ, ಅದೇ ಎಲೆಕ್ಟ್ರಿಷಿಯನ್ ಬಂದು ಮಾಡಿಕೊಟ್ರು. ಮೊದಮೊದಲು ಗೊಣಗಿದ್ರು. ಲೂಪಿನ ವಿಷಯ ಹೇಳಿದಾಗ "ಇದ್ಯಾರು ಹೇಳಿದ್ದು" ಅಂತ ಕೇಳಿ ಮೊಬೈಲಲ್ಲಿ ಈ ಚರ್ಚೆ ಪೂರ್ತಿ ಓದಿದ್ರು. ಸ್ಟಾರ್ಟರ್ ಅಂಗಡಿಯವನು ಮೊದಲು ಕೊಟ್ಟಿದ್ದು 415ರ ಕಾಯಿಲಿಂದೇ, ಅಲ್ಲೇ ಬಿಚ್ಚಿ ನೋಡಿ ಬದಲಾಯಿಸಿಕೊಂಡೆ. ರಿಲೇ ನೇಮ್‌ಪ್ಲೇಟಿನ ಪ್ರಕಾರ 11ಕ್ಕೆ ಇಟ್ಟಿದೆ. ನಿನ್ನೆ ಸಂಜೆ ಬೋರ್ಡಲ್ಲಿ 197 ಇದ್ದಾಗ ಹೊರಡಿಸಿದೆ, ಒಂದೇ ಸಲ ಟಕ್ ಅಂತ ಹಿಡೀತು. ಮೇನ್ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿದೆ, ಮಷೀನು ಮಿಸುಕಲಿಲ್ಲ.

ಒಂದೇ ಅನುಮಾನ. ಸ್ಟಾರ್ಟರ್ ಡಬ್ಬಿ ಗೋಡೆ ಮೇಲಿದೆ, ಹಲಗೆ ತಳ್ಳುವಾಗ ಕೆಂಪು ಬಟನ್ ಕೈಗೆ ಸಿಗಲ್ಲ.

ಫೇಸ್_ನ್ಯೂಟ್ರಲ್
ಕೆಂಪು ಅಣಬೆ ಆಕಾರದ ಸ್ಟಾಪ್ ಬಟನ್ ಒಂದು ತಗೊಳ್ಳಿ, ಒತ್ತಿದ್ರೆ ಅಲ್ಲೇ ಕೂತು, ತಿರುಗಿಸಿದ್ರೆ ಬಿಡೋ ಥರದ್ದು. ಅದರ ನಾರ್ಮಲಿ ಕ್ಲೋಸ್ಡ್ (ಒತ್ತದಿದ್ದಾಗ ಸೇರಿಕೊಂಡೇ ಇರೋ) ಪಾಯಿಂಟನ್ನ ಕಾಯಿಲ್ ಲೈನಲ್ಲಿ, ಈಗಿರೋ ಸ್ಟಾಪ್ ಜೊತೆ ಸೀರೀಸಲ್ಲಿ ಸೇರಿಸಿ. ವೈರ್ ಎಲ್ಲಾದ್ರೂ ಕಡಿದುಹೋದ್ರೂ ಮಷೀನ್ ನಿಲ್ಲೋ ಕಡೆಗೇ ಬರುತ್ತೆ. ಅಲ್ಲಿ ಹರಿಯೋದು ಕಾಯಿಲಿನ ಕರೆಂಟ್ ಮಾತ್ರ, ಆದ್ರೆ ವೋಲ್ಟೇಜ್ 230ರದ್ದೇ. ಹಾಗಾಗಿ ಡಬ್ಬಿ ಮುಚ್ಚಿರೋದಿರಲಿ, ಕೇಬಲ್ ಮಷೀನಿನ ಕಾಲಿಗೆ ಬಿಗಿದು ತನ್ನಿ.

ಕುಡ್ಲ_ಮರಗೆಲಸ
ಮೇಜಿನ ಅಂಚಿನ ಕೆಳಗೆ, ಮೊಣಕಾಲಿಗೆ ಸಿಗುವ ಎತ್ತರದಲ್ಲಿ ಇಡಿ. ಎರಡೂ ಕೈ ಹಲಗೆ ಮೇಲೇ ಇರ್ತದೆ, ಮೊಣಕಾಲಲ್ಲಿ ತಳ್ಳಿದ್ರೆ ನಿಲ್ತದೆ. ಒತ್ತಿದ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗ್ತಾ ಇರ್ತದೆ, ಸದ್ದು ನಿಂತಿತು ಅಂತ ಕೈ ಹಾಕಬೇಡಿ.

ಚಕ್ಕೆಪುಡಿ
ಹಳೇ ಸ್ವಿಚ್ ಬಿಸಾಕ್ತೀರಾ ಸಾರ್? ಕಾಯಿಲ್ ಚೆನ್ನಾಗಿದೆ ಅಂದ್ರಲ್ಲ.

ಶೆಡ್ಡಿನ_ಬಡಗಿ (ಸಾಗರ)
ಬೇಕಿದ್ರೆ ತಗೊಂಡು ಹೋಗಿ, ಬಸ್ ಚಾರ್ಜ್ ನಿಮ್ಮದು.

ಹೊಸ_ಉಳಿ (ಬೆಂಗಳೂರು)
ನನ್ನ ಬ್ಲೇಡ್ ಮೇಲೆ ಗರಿಷ್ಠ 9,000 ಅಂತ ಬರೆದಿದೆ 😬

ಕುಡ್ಲ_ಮರಗೆಲಸ
ಇವತ್ತೇ ಬಿಚ್ಚಿಡಿ ಮೇಡಂ. ಟೇಬಲಿನ ಕೆಳಗಿನ ಫೋಟೋ ತೆಗೆದು ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡುವ.